ಕೈ ಎತ್ತಿ, ವಿಶ್ವಾರಾಧ್ಯರೇ!

ತೊಂದರೆ ಶುರುವಾದದ್ದು ಲಿಫ್ಟಿನಲ್ಲಿ. ಬಸವೇಶ್ವರನಗರದ ಆ ಅಪಾರ್ಟ್‌ಮೆಂಟಿನ ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಸ್ವಲ್ಪ ಹೊತ್ತು ನಿಂತು, ಹೋಗಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಹೋಗುವಂಥದ್ದು. ಅದು ಹಾಗೆ ಯೋಚಿಸುತ್ತಿದ್ದಾಗಲೇ ನಿವಾಸಿಗಳ ಸಂಘದ ಸೆಕ್ರೆಟರಿ ಗಿರಿರಾಜ್ ಕೇಳಿಬಿಟ್ಟ.

"ಸಾರ್, ಮುಂದಿನ ವರ್ಷಕ್ಕೆ ಸೆಕ್ರೆಟರಿ ನೀವೇ ಆಗ್ಬಿಡಿ."

ವಿಶ್ವಾರಾಧ್ಯರು "ಆಗಲ್ಲ" ಅನ್ನಬೇಕಿತ್ತು. ಐವತ್ತು ದಾಟಿದರೂ ಆ ಮಾತು ಅವರ ಬಾಯಿಗೆ ಅಭ್ಯಾಸವಾಗಿರಲಿಲ್ಲ. ರಾಜಾಜಿನಗರದ ಒಂದು ಸಹಕಾರ ಸಂಘದ ಆಫೀಸಿನಲ್ಲಿ ಫ್ಯಾನಿನ ಗಾಳಿ ತಲುಪದ ಮೂಲೆಯಲ್ಲಿ ಅವರು ಇಷ್ಟು ವರ್ಷ ಕೂತಿದ್ದೂ ಅದೇ ಕಾರಣಕ್ಕೆ. "ನೋಡೋಣ" ಅಂದರು. ಅಪಾರ್ಟ್‌ಮೆಂಟುಗಳಲ್ಲಿ ನೋಡೋಣ ಅಂದರೆ ಆಯಿತು ಅಂತಲೇ ಲೆಕ್ಕ.

ಸೆಕ್ರೆಟರಿ ಕೆಲಸವೆಂದರೆ ಭಾನುವಾರದ ಕೆಲಸ. ಟ್ಯಾಂಕರ್ ನೀರು ಯಾರ ಮನೆಗೆ ಮೊದಲು ಬಂತು, ಯಾರ ಕಾರು ಯಾರ ಗೆರೆ ದಾಟಿ ನಿಂತಿದೆ, ಯಾರ ಒದ್ದೆ ಬಟ್ಟೆಯಿಂದ ಯಾರ ಹಪ್ಪಳದ ಮೇಲೆ ನೀರು ತೊಟ್ಟಿಕ್ಕಿತು, ಎಲ್ಲವೂ ವಾರವಿಡೀ ಕೂಡಿಕೊಂಡು ಭಾನುವಾರ ಬೆಳಿಗ್ಗೆ ಸೆಕ್ರೆಟರಿಯ ಬಾಗಿಲು ಬಡಿಯುತ್ತಿದ್ದವು. ವಿಶ್ವಾರಾಧ್ಯರ ಬದುಕಿನಲ್ಲಿ ಅವರದೇ ಅಂತ ಇದ್ದದ್ದು ಭಾನುವಾರ ಒಂದೇ. ಅವತ್ತು ಅವರು ಎಲ್ಲಾದರೂ ಚೆಸ್ ಟೂರ್ನಮೆಂಟ್ ಹುಡುಕಿಕೊಂಡು ಹೋಗಿ, ಮಕ್ಕಳ ಕೈಲಿ ಸೋತು, ತೃಪ್ತಿಯಾಗಿ ಮನೆಗೆ ಬರುತ್ತಿದ್ದರು.

"ಭಾನುವಾರ ನನಗೆ ಚೆಸ್ ಇರುತ್ತಲ್ಲ," ಅಂದರು ಮೆಲ್ಲಗೆ.

"ಎಷ್ಟು ವರ್ಷದಿಂದ ಆಡ್ತಿದೀರಿ ಸಾರ್? ಒಂದು ಕಪ್ ಆದ್ರೂ ಬಂದಿದೆಯಾ?"

"ಇಲ್ಲ."

"ಮತ್ತೆ? ಜನ ನೆಪ ಅಂತಾರೆ. ಒಂದು ಕೆಲ್ಸ ಮಾಡೋಣ. ಈ ಭಾನುವಾರ ನೀವೊಂದು ಕಪ್ ಹೊಡೀರಿ. ಮುಂದಿನ ವಾರ ಸಭೆ ಇದೆಯಲ್ಲ, ಅಲ್ಲಿ ನಾನೇ ಎದ್ದು ಹೇಳ್ತೀನಿ, ಈ ಮನುಷ್ಯ ಆಟಗಾರ, ಇವರನ್ನ ಬಿಟ್ಬಿಡಿ ಅಂತ. ನಾನೇ ಸ್ಕೂಟರಲ್ಲಿ ಕರ್ಕೊಂಡು ಹೋಗ್ತೀನಿ. ಸಪೋರ್ಟಿಗೆ ಒಬ್ರು ಬೇಡ್ವಾ?"

ಲಿಫ್ಟು ಮೇಲೆ ಹೋಯಿತು.

ಭಾನುವಾರ ಬೆಳಿಗ್ಗೆ ಇಬ್ಬರೂ ವಿಜಯನಗರದ ಕಲ್ಯಾಣ ಮಂಟಪವೊಂದಕ್ಕೆ ಬಂದರು. ಆಟ ಇದ್ದದ್ದು ಕೆಳಗಿನ ಊಟದ ಹಾಲಿನಲ್ಲಿ. ಉದ್ದನೆಯ ಊಟದ ಟೇಬಲ್ಲುಗಳ ಮೇಲೆ ಬೋರ್ಡು ಹಾಸಿದ್ದರು. ಹಿಂದಿನ ದಿನದ ಮದುವೆಯ ಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಬ್ಬ ಗಡಿಯಾರದ ಗುಂಡಿಯನ್ನು ಗುದ್ದಿದರೆ ಆ ಸಾಲಿನ ಅಷ್ಟೂ ರಾಜರು ಒಟ್ಟಿಗೆ ನಡುಗುತ್ತಿದ್ದರು. ಅಡ್ಡಲಾಗಿ ಹಗ್ಗ ಕಟ್ಟಿ, ಆಡಲು ಬಂದ ಮಕ್ಕಳ ಅಪ್ಪ ಅಮ್ಮಂದಿರನ್ನು ಅದರಾಚೆ ನಿಲ್ಲಿಸಿದ್ದರು. ಗಿರಿರಾಜ್ ಆ ಹಗ್ಗದ ಮುಂದಿನ ಸಾಲಿನಲ್ಲೇ ಜಾಗ ಹಿಡಿದ.

ತೀರ್ಪುಗಾರ್ತಿ ಚೇತನಾ ಎಂಬ ಚುರುಕು ಹುಡುಗಿ. ಮೈಕಿನಲ್ಲಿ ನಿಯಮ ಹೇಳಿದಳು. ಮಾತಾಡಬಾರದು. ಗಡಿಯಾರದಲ್ಲಿ ಯಾರ ಪಾಲಿನ ಸಮಯ ಮೊದಲು ಮುಗಿಯುತ್ತದೋ ಅವರು ಸೋತಂತೆ. ಕಾಯಿ ಮುಟ್ಟಿದರೆ ಆ ಕಾಯಿಯನ್ನೇ ನಡೆಸಬೇಕು. ಎದುರಾಳಿಯ ಕಾಯಿ ಮುಟ್ಟಿದರೆ ಅದನ್ನೇ ಹೊಡೆಯಬೇಕು. ಬರೀ ನೆಟ್ಟಗೆ ಮಾಡುವುದಾದರೆ ಮುಟ್ಟುವ ಮೊದಲು ಸರಿ ಮಾಡ್ತಿದೀನಿ ಅನ್ನಬೇಕು. ಯಾರಾದರೂ ತೊಂದರೆ ಕೊಟ್ಟರೆ ಜಗಳ ಬೇಡ, ಸುಮ್ಮನೆ ಕೈ ಎತ್ತಿ, ನಾನು ಬರುತ್ತೇನೆ. ಕೊನೆಗೆ, ಐವತ್ತು ದಾಟಿದವರಲ್ಲಿ ಚೆನ್ನಾಗಿ ಆಡಿದವರಿಗೆ ಬೇರೆ ಕಪ್ ಇದೆ ಅಂದಳು. ವಿಶ್ವಾರಾಧ್ಯರು ಸುತ್ತ ನೋಡಿದರು. ನರೆತ ತಲೆಗಳು ಒಂದು ಕೈಯ ಬೆರಳಷ್ಟೂ ಇರಲಿಲ್ಲ. ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆಳೆದುಕೊಂಡರು.

ಮೊದಲು ಸಿಕ್ಕಿದವನು ಶಿವಯೋಗಿ. ಬಾಗಲಕೋಟೆ ಕಡೆಯ ಹುಡುಗ, ಮನೆಮನೆಗೆ ಊಟ ತಲುಪಿಸುವ ಕೆಲಸ, ಅದೇ ಟೀ ಶರ್ಟಿನಲ್ಲಿ ಬಂದು ಕೂತಿದ್ದ. ಅವನ ಆಟದಿಂದ ಏನೂ ತೊಂದರೆಯಿರಲಿಲ್ಲ. ಆದರೆ ಒಂದೊಂದು ನಡೆಗೂ ಮುಂದಕ್ಕೆ ಬಗ್ಗಿ, "ಡ್ರಾ ಮಾಡ್ಕೊಳ್ಳೋಣೇನ್ರೀ ಸರ?" ಅನ್ನುತ್ತಿದ್ದ. ವಿಶ್ವಾರಾಧ್ಯರು ತಲೆಯಾಡಿಸಿದರು, ಕೆಮ್ಮಿದರು, ನಕ್ಕರು. ಅವನು ಬಿಡಲಿಲ್ಲ. ಗೆಲ್ಲುವ ಹಂತಕ್ಕೆ ಬಂದಾಗ ಅವನ ಆನೆಯನ್ನು ಹೊಡೆಯಲು ಕೈ ಚಾಚಿದ್ದರು, ಅಷ್ಟರಲ್ಲಿ ಮತ್ತೆ, "ಡ್ರಾ ಏನ್ರೀ ಸರ?"

"ನೋಡೋಣಪ್ಪಾ."

"ಆತ್ರೀ ಸರ, ಭಾಳ ಥ್ಯಾಂಕ್ಸ್ರೀ!" ಎಂದು ಶಿವಯೋಗಿ ಚಾಚಿದ ಆ ಕೈಯನ್ನೇ ಹಿಡಿದು ಕುಲುಕಿಬಿಟ್ಟ.

ಹಗ್ಗದಾಚೆ ಗಿರಿರಾಜ್ ಹಣೆ ಚಚ್ಚಿಕೊಂಡ. "ಏನ್ ಸಾರ್ ನೀವು! ಅಷ್ಟು ಕಿರಿಕಿರಿ ಮಾಡ್ತಿದ್ದಾನೆ, ಕೈ ಎತ್ತಕ್ಕೆ ಏನಾಗಿತ್ತು?"

"ಪಾಪ, ಹುಡುಗ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೋ ಏನೋ."

ಮುಂದಿನ ಆಟ ಎರಡು ಜಡೆಯ ಗಗನಾಳ ಜೊತೆ. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಕುರ್ಚಿಯ ಮೇಲೆ ಮಂಡಿಯೂರಿ ಕೂತು, ವಿಶ್ವಾರಾಧ್ಯರು ಯೋಚಿಸುವಾಗೆಲ್ಲ ಎದ್ದು ಹೋಗಿ ಬೇರೆಯವರ ಆಟ ನೋಡಿ, ವಾಪಸು ಬಂದು, ಇನ್ನೂ ನಡೆಸಿಲ್ವಾ ಎಂಬಂತೆ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಹೊಡೆದ ಕಾಯಿಗಳನ್ನು ಸಾಲಾಗಿ ನಿಲ್ಲಿಸಿ, ಮಾತಾಡಬಾರದಲ್ಲ, ತುಟಿಯನ್ನಷ್ಟೇ ಆಡಿಸಿ ಅವುಗಳಿಗೆ ಪಾಠ ಹೇಳುತ್ತಿದ್ದಳು. ಒಂದು ಸಲ ಬೋರ್ಡಿನ ಮೇಲೆ ಬಗ್ಗಿದಾಗ ಅವಳ ಜಡೆ ಬಡಿದು ಅವಳದೇ ಒಂಟೆ ಬಿತ್ತು. ವಿಶ್ವಾರಾಧ್ಯರು ಮದುವೆ ಮನೆಯಲ್ಲಿ ಯಾರದೋ ಬಿದ್ದ ಶಲ್ಯ ಎತ್ತಿಕೊಡುವಂತೆ ಅದನ್ನು ಎತ್ತಿ ನಿಲ್ಲಿಸಿದರು.

"ಅಂಕಲ್, ನನ್ನ ಒಂಟೆ ಮುಟ್ಟಿದ್ರಿ. ಹೊಡೀಲೇಬೇಕು."

"ಬಿದ್ದಿತ್ತಲ್ಲಮ್ಮಾ, ಎತ್ತಿಟ್ಟೆ."

"ರೂಲ್ಸ್ ಅಂಕಲ್."

ಅದನ್ನು ಹೊಡೆಯಲು ಇದ್ದದ್ದು ಅವರ ಮಂತ್ರಿ ಮಾತ್ರ. ಹೊಡೆದರು. ಗಗನಾಳ ಕಾಲಾಳೊಂದು ಆ ಮಂತ್ರಿಯನ್ನು ಕಡಲೆಬೀಜದ ಹಾಗೆ ನುಂಗಿತು. ಚೇತನಾಳನ್ನು ಕರೆದಿದ್ದರೆ ಆ ಹುಡುಗಿ ಎರಡು ನಿಮಿಷದಲ್ಲಿ ಸರಿ ಮಾಡಿಕೊಡುತ್ತಿದ್ದಳು. ಆದರೆ ಹಗ್ಗದಾಚೆಯಿಂದ ಗಗನಾಳ ತಾಯಿ ನೋಡುತ್ತಿದ್ದ ನೋಟಕ್ಕೆ ವಿಶ್ವಾರಾಧ್ಯರ ಕೈ ತೊಡೆಯ ಮೇಲಿಂದ ಏಳಲಿಲ್ಲ.

"ಕೈ ಎತ್ತಿ ಅಂತ ಎಷ್ಟು ಸಲ ಹೇಳ್ಲಿ ಸಾರ್!" ಗಿರಿರಾಜ್ ಈಗ ಅಳುವ ಹಾಗಿದ್ದ. ಊಟದ ಹೊತ್ತಿಗೆ ಪುಳಿಯೋಗರೆ ಪೊಟ್ಟಣ ಬಿಚ್ಚಿ ಕೊಟ್ಟ, ನೀರು ತಂದುಕೊಟ್ಟ, ಹೆಗಲು ಒತ್ತಿದ. ಇಷ್ಟು ವರ್ಷದಲ್ಲಿ ವಿಶ್ವಾರಾಧ್ಯರ ಆಟ ನೋಡಲು ಯಾರೂ ಬಂದಿರಲಿಲ್ಲ. ಅವರ ಕಣ್ಣು ಒದ್ದೆಯಾಯಿತು.

"ನಿಮ್ಮ ಭಾನುವಾರಾನೂ ನನ್ನಿಂದ ಹಾಳು ಗಿರಿರಾಜ್. ಹೇಗೂ ಕಪ್ ಬರೋ ಹಾಗೆ ಕಾಣಲ್ಲ. ಈಗ್ಲೇ ಮನೆಗೆ ಹೋಗೋಣ ಬನ್ನಿ."

"ಮನೆಗಾ?" ಗಿರಿರಾಜ್ ಬೆಚ್ಚಿಬಿದ್ದ. "ಬೇಡ ಬೇಡ ಬೇಡ. ಪೂರ್ತಿ ಆಡ್ಬೇಕು ಸಾರ್. ಆಟಗಾರ ಅಂದ್ಮೇಲೆ ಮಧ್ಯದಲ್ಲಿ ಬಿಟ್ಟು ಹೋಗೋದಾ? ಛೆ."

ಈ ಮಾತು ನಾಟಿತು. ಊಟದ ನಂತರ ವಿಶ್ವಾರಾಧ್ಯರು ಸಾಲಾಗಿ ಗೆದ್ದರು. ಒಬ್ಬ ಕಾಲೇಜು ಹುಡುಗ ಟೇಬಲ್ಲಿನಡಿ ಹೊಲಿಗೆ ಮಿಷನ್ ತುಳಿಯುವಂತೆ ಕಾಲು ಕುಣಿಸುತ್ತಿದ್ದ, ಇನ್ನೊಬ್ಬ ಚಕ್ಕುಲಿ ಕಡಿಯುತ್ತಿದ್ದ. ಎರಡನ್ನೂ ಸಹಿಸಿಕೊಂಡು ಗೆದ್ದರು. ಕೊನೆಯ ಸುತ್ತಿಗೆ ಬರುವಾಗ ಐವತ್ತು ದಾಟಿದವರ ಪೈಕಿ ಮುಂದಿದ್ದವರು ಇಬ್ಬರೇ, ಅವರು ಮತ್ತು ಚನ್ನಮಲ್ಲಪ್ಪನವರು. ಇಬ್ಬರೂ ಎದುರುಬದುರು ಕೂತರು. ಗೆದ್ದವರಿಗೆ ಕಪ್.

ಚನ್ನಮಲ್ಲಪ್ಪನವರು ನಾಗರಬಾವಿಯವರು, ಯಾವುದೋ ಇಲಾಖೆಯಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಸಫಾರಿ. ಅವರ ಕೈಗೆ ಒಂದು ಚಟವಿತ್ತು. ವಿಶ್ವಾರಾಧ್ಯರು ಯೋಚನೆಗೆ ಇಳಿದ ಕೂಡಲೇ ಆ ಕೈ ಬೋರ್ಡಿನ ಮೇಲೆ ತೇಲಿ ಬಂದು ಕಾಯಿಗಳನ್ನು ನೆಟ್ಟಗೆ ಮಾಡುತ್ತಿತ್ತು. ತಮ್ಮವು ಮಾತ್ರವಲ್ಲ, ಎದುರಿನವರವೂ. "ಸರಿ ಮಾಡ್ತಿದೀನಿ, ಸರಿ ಮಾಡ್ತಿದೀನಿ" ಎಂದು ಗೊಣಗುತ್ತ ವಿಶ್ವಾರಾಧ್ಯರ ಕುದುರೆಗಳ ಮುಖ ತಿರುಗಿಸುವರು, ಆನೆಯನ್ನು ಮನೆಯ ನಡುಮಧ್ಯಕ್ಕೆ ತಳ್ಳುವರು. ವಿಶ್ವಾರಾಧ್ಯರು ಕಟ್ಟಿಕೊಂಡ ಲೆಕ್ಕ ಪ್ರತಿ ಸಲವೂ ಆ ಕೈಯ ಜೊತೆ ಹಾರಿಹೋಗುತ್ತಿತ್ತು.

ಹಗ್ಗದಾಚೆ ಗಿರಿರಾಜ್ ತನ್ನ ಕೈಯನ್ನೇ ಎತ್ತಿ ಎತ್ತಿ ತೋರಿಸುತ್ತಿದ್ದ.

ಆದರೂ ಅವತ್ತು ಅವರ ದೆಸೆ ಚೆನ್ನಾಗಿತ್ತು. ಅವರದೊಂದು ಕಾಲಾಳು ಯಾರ ಕಣ್ಣಿಗೂ ಬೀಳದೆ ನಡೆದೂ ನಡೆದೂ ಕೊನೆಯ ಮನೆಯ ಬಾಗಿಲಿಗೆ ಬಂದಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಅದೇ ಮಂತ್ರಿಯಾಗಿ ಆಟ ಗೆದ್ದಂತೆ. ಚನ್ನಮಲ್ಲಪ್ಪನವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಕಾಲರ್ ಸರಿಮಾಡಿಕೊಂಡರು. ಅವರ ಕೈ ನಿಧಾನವಾಗಿ ಬೋರ್ಡಿನ ಮೇಲೆ ತೇಲಿ ಬಂತು.

ನೇರ ಆ ಕಾಲಾಳಿನ ಕಡೆಗೇ ಬಂತು.

ವಿಶ್ವಾರಾಧ್ಯರ ಒಳಗೆ ಇಷ್ಟು ವರ್ಷ ಮಡಿಚಿಟ್ಟದ್ದೆಲ್ಲ ಒಮ್ಮೆಗೇ ಎದ್ದು ನಿಂತಿತು. ಕೈ ಎತ್ತಿದರು. ಒಂದಲ್ಲ, ಎರಡೂ. "ಮೇಡಂ! ಇವರು ಮತ್ತೆ ನನ್ನ ಕಾಯಿ ಮುಟ್ಟಕ್ಕೆ ಬರ್ತಿದಾರೆ!"

ದನಿ ಅವರೇ ಬೆಚ್ಚುವಷ್ಟು ದೊಡ್ಡದಿತ್ತು. ಹಾಲಿನ ತಲೆಗಳೆಲ್ಲ ತಿರುಗಿದವು. ಅಡುಗೆಮನೆಯಿಂದ ಪಾತ್ರೆ ತೊಳೆಯುವವರೂ ಇಣುಕಿದರು. ಚನ್ನಮಲ್ಲಪ್ಪನವರ ಕೈ ಗಾಳಿಯಲ್ಲೇ ನಿಂತಿತ್ತು.

"ಕೈ ಕುಲುಕೋಣ ಅಂತ ಬಂದೆ ಕಣ್ರೀ," ಅಂದರು ಅವರು. "ಸೋಲು ಒಪ್ಪಿಕೊಳ್ಳೋಣ ಅಂತ."

ಚೇತನಾ ಬಂದಳು. "ಹಾಗಾದ್ರೆ ಸೋಲು ಒಪ್ಕೋತೀರಾ ಸಾರ್?"

"ಒಪ್ಕೋತಿದ್ದೆ. ಈಗ ಒಪ್ಪಲ್ಲ." ಆ ಕೈ ಸಫಾರಿಯ ಜೇಬಿನೊಳಗೆ ಹೋಯಿತು.

ಚೇತನಾ ಇಬ್ಬರನ್ನೂ ನೋಡಿದಳು. "ಬಾಯಲ್ಲಿ ಹೇಳಿಲ್ಲ, ಕೈನೂ ಕುಲುಕಿಲ್ಲ. ಆಟ ಮುಂದುವರೀಲಿ. ಸಾರ್, ನೀವು ಅವರ ಕಾಯಿ ಮುಟ್ಬೇಡಿ. ನೀವು ಕೂಗ್ಬೇಡಿ." ಅಷ್ಟು ಹೇಳಿ, ಮೂಲೆಯಲ್ಲಿ ಅಳುತ್ತಿದ್ದ ಮಗುವೊಂದರ ಕಡೆ ನಡೆದಳು.

ಚನ್ನಮಲ್ಲಪ್ಪನವರು ಕಾಯಿ ನಡೆಸಲಿಲ್ಲ. ಮುಂದಕ್ಕೆ ಬಗ್ಗಿದರು. ಹಾಲಿನಲ್ಲಿ ಮಾತಾಡಬಾರದೆಂಬ ನಿಯಮಕ್ಕೆ ಗೌರವ ಕೊಟ್ಟು ಪಿಸುಮಾತಿನಲ್ಲೇ ಬೈಯಲು ಶುರುಮಾಡಿದರು.

"ಸಭ್ಯತೆ ಅನ್ನೋದೊಂದು ಇರುತ್ತೆ ಕಣ್ರೀ. ಮೂವತ್ತೈದು ವರ್ಷ ಸರ್ವಿಸ್ ಮಾಡಿದೀನಿ, ಒಬ್ಬನೂ ನನ್ನ ಮೇಲೆ ಕೈ ಎತ್ತಿಲ್ಲ."

"ಸಾರ್, ತಪ್ಪಾಯ್ತು. ಆದ್ರೆ ನಿಮ್ಮ ಗಡಿಯಾರ…"

"ಮಧ್ಯೆ ಬಾಯಿ ಹಾಕ್ಬೇಡಿ. ಅದೂ ಒಂದು ಸಭ್ಯತೆ."

ಗಡಿಯಾರ ಚನ್ನಮಲ್ಲಪ್ಪನವರದೇ ಓಡುತ್ತಿತ್ತು. ವಿಶ್ವಾರಾಧ್ಯರು ಬೆರಳು ತೋರಿಸಿದರು. "ಸಾರ್, ಟೈಮು…"

"ಬೆರಳು ತೋರಿಸ್ತೀರಾ? ಹಿರಿಯರಿಗೆ?"

ಪಿಸುಮಾತಿನಲ್ಲಿ ಬೈಯುವುದಕ್ಕೆ ಬಾಯಿಬಿಟ್ಟು ಬೈಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆಟದ ಶಿಸ್ತಿನಿಂದ ಹೊರಟ ಅವರು ಈಗಿನ ಕಾಲದ ಮಕ್ಕಳು, ಬಸ್ಸಿನಲ್ಲಿ ಸೀಟು ಬಿಡದವರು, ಮದುವೆಗಳಲ್ಲಿ ಎಲೆ ಮಡಿಸದೆ ಏಳುವವರು, ಎಲ್ಲರನ್ನೂ ಹಾದು ಬರುತ್ತಿದ್ದಾಗ, ತನ್ನ ಆಟ ಮುಗಿಸಿ ಪಕ್ಕಕ್ಕೆ ಬಂದು ನಿಂತಿದ್ದ ಗಗನಾ ಎರಡು ಜಡೆಯನ್ನೂ ಹಿಂದಕ್ಕೆ ಎಸೆದು ಹೇಳಿದಳು:

"ತಾತ, ನಿಮ್ಮ ಟೈಮ್ ಮುಗೀತು."

ಅವರ ಗಡಿಯಾರದಲ್ಲಿ ಸೊನ್ನೆ. ಚೇತನಾ ಬಂದು ನೋಡಿದಳು, ನೋಡುವವರು ಬಾಯಿ ಹಾಕಬಾರದೆಂದು ಗಗನಾಳಿಗೆ ಗದರಿದಳು, ಗೆಲುವನ್ನು ವಿಶ್ವಾರಾಧ್ಯರ ಹೆಸರಿಗೆ ಬರೆದಳು. ಚನ್ನಮಲ್ಲಪ್ಪನವರು ಕೈ ಕುಲುಕದೆ ಎದ್ದರು. ಹೋಗುವ ಮುಂಚೆ ಬೋರ್ಡಿನ ಮೇಲಿದ್ದ ಕಾಯಿಗಳನ್ನೆಲ್ಲ ಒಂದು ಸಲ ನೆಟ್ಟಗೆ ಮಾಡಿಯೇ ಹೋದರು.

ಕಪ್ ಮೊಣಕೈಯುದ್ದ ಇತ್ತು. ಬಂಗಾರದ ಬಣ್ಣದ ಪ್ಲಾಸ್ಟಿಕ್. ಸ್ಕೂಟರಿನ ಹಿಂದೆ ಅದನ್ನು ತಬ್ಬಿ ಕೂತ ವಿಶ್ವಾರಾಧ್ಯರಿಗೆ ಮುಂದಿನ ಭಾನುವಾರಗಳೆಲ್ಲ ಕಣ್ಣೆದುರು ಸಾಲುಗಟ್ಟಿ ನಿಂತಿದ್ದವು.

ಗೇಟಿನಲ್ಲಿ ಮೊದಲ ಮಹಡಿಯ ರಾಮಕ್ಕ ಖಾಲಿ ಬಕೆಟ್ ಹಿಡಿದು ನಿಂತಿದ್ದರು. "ಬಂದ್ರಾ ಸೆಕ್ರೆಟರಿ ಸಾರ್? ಮಧ್ಯಾಹ್ನದಿಂದ ಕಾಯ್ತಿದೀನಿ. ನಮ್ಮ ಬಾತ್‌ರೂಮಲ್ಲಿ ಒಂದು ತೊಟ್ಟು ನೀರಿಲ್ಲ."

"ಗಿರಿರಾಜ್, ನಿಮ್ಮನ್ನ ಕೇಳ್ತಿದಾರೆ," ಅಂದರು ವಿಶ್ವಾರಾಧ್ಯರು.

"ಅವರನ್ನ ಯಾಕೆ ಕೇಳ್ಲಿ? ಬೆಳಿಗ್ಗೆ ಸಭೆಯಲ್ಲಿ ನಿಮ್ಮನ್ನಲ್ವಾ ಮಾಡಿದ್ದು? ಚಪ್ಪಾಳೆ ಎಲ್ಲ ತಟ್ಟಿದ್ವಿ."

ವಿಶ್ವಾರಾಧ್ಯರು ಗಿರಿರಾಜನ ಕಡೆ ತಿರುಗಿದರು. ಅವನು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದರಲ್ಲಿ ಮಗ್ನನಾಗಿದ್ದ.

"ಸಭೆ ಮುಂದಿನ ವಾರ ಅಂದಿದ್ರಿ!"

"ನಿನ್ನೆ ಗ್ರೂಪಲ್ಲಿ ಹಾಕಿದ್ನಲ್ಲ ಸಾರ್, ಈ ವಾರಕ್ಕೇ ಇಟ್ಕೊಂಡಿದೀವಿ ಅಂತ."

"ನಾನು ಆ ಗ್ರೂಪನ್ನ ಮ್ಯೂಟ್ ಮಾಡಿದೀನಿ."

"ಎಲ್ಲರೂ ಮಾಡಿರ್ತಾರೆ ಸಾರ್."

ಆ ಅಪಾರ್ಟ್‌ಮೆಂಟಿನಲ್ಲಿ ಸಭೆಗೆ ಬಂದವರು ಯಾರೂ ಇವತ್ತಿನವರೆಗೆ ಸೆಕ್ರೆಟರಿ ಆದದ್ದಿಲ್ಲ. ಬಂದವರೆಲ್ಲ ಆಗಲ್ಲ ಆಗಲ್ಲ ಅನ್ನುತ್ತಾರೆ. ಹಾಗೆ ಅನ್ನಲು ಬಾರದೆ ಉಳಿದವರನ್ನು ಆರಿಸುತ್ತಾರೆ. ಗಿರಿರಾಜನನ್ನೂ, ಅವನು ತಂಗಿಯ ಮಗುವಿನ ನಾಮಕರಣಕ್ಕೆಂದು ತುಮಕೂರಿಗೆ ಹೋಗಿದ್ದ ದಿನವೇ ಆರಿಸಿದ್ದು.

"ನೀವೂ ಇಲ್ಲಿರಲಿಲ್ಲವಲ್ಲ, ಮತ್ತೆ ನಿಮ್ಮನ್ನೇ ಯಾಕೆ ಮಾಡ್ಲಿಲ್ಲ?" ಅಂದರು ವಿಶ್ವಾರಾಧ್ಯರು.

"ನಮ್ಮನೆಯವಳು ಇದ್ಲಲ್ಲ ಸಾರ್. ನಿಮ್ಮ ಹೆಸರು ಹೇಳಿದ್ದು ಅವಳೇ. ಅನುಮೋದನೆ ಮಾತ್ರ ನಿಮ್ಮನೆಯವ್ರದ್ದು."

ಬಾಲ್ಕನಿಯಿಂದ ವಿಶ್ವಾರಾಧ್ಯರ ಹೆಂಡತಿ ಶಿವರಂಜನಿ ಬಗ್ಗಿ ಹೇಳಿದರು, "ನನ್ನ ಯಾಕೆ ನೋಡ್ತೀರಿ? ನೀವು ಇಲ್ಲಿದ್ದಿದ್ರೆ ಆಗಲ್ಲ ಅಂತಿದ್ರಾ?"

"ಕಪ್ ತಂದ್ರೆ ಬಿಡಿಸ್ತೀನಿ ಅಂದಿದ್ರಲ್ಲ ಗಿರಿರಾಜ್!"

"ಸಭೆಯಲ್ಲಿ ಹೇಳ್ತೀನಿ ಅಂದಿದ್ದೆ ಸಾರ್. ಮುಂದಿನ ಸಭೆ ಬರೋ ವರ್ಷ. ಖಂಡಿತ ಹೇಳ್ತೀನಿ." ಅವನು ಜೇಬಿನಿಂದ ಪಂಪು, ಸಂಪು, ತಾರಸಿ ಎಲ್ಲದರ ಕೀಗೊಂಚಲು ತೆಗೆದ. ಕಪ್ ಹಿಡಿದಿದ್ದ ಕೈಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಗಿರಿರಾಜ್ ಕಪ್ಪಿನೊಳಕ್ಕೇ ಹಾಕಿದ. ಠಣ್ ಅಂತು.

ರಾಮಕ್ಕ ಬಕೆಟ್ ಎತ್ತಿಕೊಂಡು ಮುಂದೆ ನಡೆದರು. ಅವರ ಹಿಂದೆ ಹೊರಟ ವಿಶ್ವಾರಾಧ್ಯರನ್ನು ಗಿರಿರಾಜ್ ಮೆಲ್ಲಗೆ ತಡೆದ.

"ಸಾರ್, ಒಂದೇ ನಿಮಿಷ. ಬರೋ ಭಾನುವಾರ ಕೆಂಗೇರಿಯಲ್ಲಿ ಟೂರ್ನಮೆಂಟ್ ಇದೆಯಂತೆ, ಇನ್ಮೇಲೆ ನಂಗೆ ಭಾನುವಾರ ಫ್ರೀ ಅಲ್ವಾ, ಮಂಟಪದಲ್ಲೇ ನನ್ನ ಹೆಸರು ಕೊಟ್ಟು ಬಂದೆ. ಈ ಕುದುರೆ ಹೇಗೆ ನಡೆಯುತ್ತೆ, ಒಂಚೂರು ಹೇಳ್ಕೊಡ್ತೀರಾ?"