ಹಲಗೆ ಹಗರಣಕ್ಕೆ ಬಿದ್ದ ಚಪ್ಪಾಳೆ

ನಮ್ಮ ಕಡೆಯವರಿಗೆ ಏನನ್ನಾದರೂ ತೋರಿಸಿ ನೋಡಿ, ನೀವು ತೋರಿಸಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಕಾಣುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ನನ್ನ ಸ್ನೇಹಿತನಿಗೆ.

ಅವನು ಕುಂದಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಇಪ್ಪತ್ತೈದು ವರ್ಷ ಮದುವೆ ವಿಡಿಯೋ ಮಾಡಿ ಮಾಡಿ, ಒಂದು ದಿನ ಸರಿಯಾಗಿ ಧಾರೆಯ ಹೊತ್ತಿಗೆ ಅವನಿಗೆ ವೈರಾಗ್ಯ ಬಂತು. "ಇನ್ನ್ ಊರಿಗೆ ಉಪ್ಕಾರ ಆಪ್ದ್ ಎಂತಾರೂ ತೆಗಿತೆ" ಎಂದ. ತೆಗೆದೇಬಿಟ್ಟ. ಕಿಂಡಿ ಅಣೆಕಟ್ಟಿನ ಹಲಗೆ ಹಗರಣದ ಮೇಲೆ ನಲವತ್ತು ನಿಮಿಷದ ಸಾಕ್ಷ್ಯಚಿತ್ರ.

ಯಾವ ಊರಿನ ಅಣೆಕಟ್ಟು ಎಂದು ಹೇಳುವುದಿಲ್ಲ. ನಾನು ಹಾಲು ತರುವುದು ಅಲ್ಲಿಂದಲೇ. ವಿಷಯ ಇಷ್ಟು. ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಮರದ ಹಲಗೆ ಇಳಿಸಿದರೆ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ಮೇಲೆ ಬಂದು ಗದ್ದೆಗೆ ನುಗ್ಗುವುದಿಲ್ಲ. ಮತ್ತೆ ಮಳೆ ಶುರುವಾಗುವ ಮೊದಲು ಹಲಗೆಗಳನ್ನು ಎತ್ತಿ ಇಡಬೇಕು. ಒಬ್ಬರು ಪಂಚಾಯತ್ ಅಧ್ಯಕ್ಷರ ಕಾಲದಲ್ಲಿ ಹೀಗೆ ಎತ್ತಿಟ್ಟ ಹಲಗೆ ಮುಂದಿನ ವರ್ಷ ಇರುತ್ತಲೇ ಇರಲಿಲ್ಲ. ಹೊಸತು ಬರುವುದು, ಅದೂ ಮಾಯವಾಗುವುದು. ಕೊನೆಗೆ ಹಲಗೆಯೂ ಇಲ್ಲ, ಬೆಳೆಯೂ ಇಲ್ಲ. ಗದ್ದೆಯೆಲ್ಲ ಉಪ್ಪು.

"ಮೂರ್ ಕಡೆ ತೋರಿಸ್ತೆ. ಹಲಗಿ ಎಲ್ಲಿಗ್ ಹೋಯ್ತ್ ಅಂದ್ಹೇಳಿ ಒಂದ್ ಕಡಿಯಾರೂ ಉತ್ರ ಸಿಕ್ಕಿರೆ ಸೈ. ಇಲ್ದಿರೆ ಕ್ಯಾಮರಾ ವಾಪಸ್ ಮದಿ ಮಂಟಪಕ್ಕೆ" ಎಂದು ಶಪಥ ಮಾಡಿದ. ಪ್ರೊಜೆಕ್ಟರ್ ಹೊರುವ ಕೆಲಸ ನನಗೆ ಬಂತು.

ಕೋಟದಲ್ಲಿ ಗುಲಾಬಿ

ಮೊದಲ ಪ್ರದರ್ಶನ ಕೋಟದಲ್ಲಿ. ಗಂಭೀರವಾದ ಹಿನ್ನೆಲೆ ಸಂಗೀತ. ಪರದೆಯ ನಡುವೆ ಒಂದು ಕೆಂಪು ಗುಲಾಬಿ ನಿಧಾನವಾಗಿ ಅರಳಿತು. ಅದರ ಒಳಗಿಂದ ಮಾಜಿ ಅಧ್ಯಕ್ಷರ ಮುಖ ಹೊರಬಂತು.

ತಪ್ಪು ಅವನದ್ದಲ್ಲ. ಅವನ ಕಂಪ್ಯೂಟರಿನಲ್ಲಿ ಇದ್ದದ್ದೇ ಮದುವೆಯ ಅಲಂಕಾರಗಳು. ತೆಗೆಯಲು ಹೊರಟವನನ್ನು "ಬೇಡ ಮಾರಾಯ, ಭಾರೀ ಅರ್ಥ ಇತ್ತ್ ಅದ್ರಂಗೆ" ಎಂದು ತಡೆದವನು ಮಾತ್ರ ನಾನು.

ಮುಂದೆ ಪರದೆಯ ಮೇಲೆ ಅಣೆಕಟ್ಟಿನ ಪಕ್ಕದ ಗದ್ದೆಯ ಅಕ್ಕ ಬಂದರು. ಅಂಗಳದಲ್ಲಿ ನಿಂತು, ಗದ್ದೆಯಿಂದ ತಂದ ಮಣ್ಣನ್ನು ಅಂಗೈಯಲ್ಲಿ ಹಿಡಿದು, "ಇದ್ರಂಗ್ ಇನ್ನ್ ಎಂತ ಬೆಳೂದ್?" ಎಂದರು. ಮಣ್ಣು ಬೆಳ್ಳಗೆ ಉಪ್ಪುಗಟ್ಟಿತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಅಜ್ಜಿ, "ಹ್ವಾಯ್, ಅಲ್ಲೇ ನಿಲ್ಸಿ!" ಎಂದು ಕೂಗಿದರು.

ಸ್ನೇಹಿತನ ಮುಖ ಅರಳಿತು. ಸದ್ಯ, ಒಬ್ಬರಿಗಾದರೂ ತಟ್ಟಿತು! ನಿಲ್ಲಿಸಿದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರವೇ ಬಂದರು. "ಅಲ್ಕಾಣಿ, ಹಿಂದ್ ಕಾಂತಿತಲೆ ಬಸಳಿ ಚಪ್ರ! ಎಲಿ ಎಷ್ಟ್ ದಪ್ಪ! ಒಂದ್ ತುಂಡ್ ಬಳ್ಳಿ ಸಿಕ್ಕುತ್ತಾ ಕೇಣಿ."

ಪ್ರದರ್ಶನ ಮುಗಿದ ಮೇಲೆ ಮೂರು ಜನ ಅವನನ್ನು ಹುಡುಕಿಕೊಂಡು ಬಂದರು. ಇಬ್ಬರಿಗೆ ಬಸಳೆ ಬಳ್ಳಿ ಬೇಕಿತ್ತು. ಮೂರನೆಯವರು ಮಗಳ ಮದುವೆಗೆ ಅವನನ್ನೇ ಗೊತ್ತುಮಾಡಿದರು. "ಬಾಕಿ ಎಂತ ಬ್ಯಾಡ, ಆ ಗುಲಾಬಿ ಮಾತ್ರ ಇರ್ಕ್."

ಕೋಟೇಶ್ವರದಲ್ಲಿ ಗೆದ್ದಲು

ಗುಲಾಬಿ ಕಿತ್ತೆಸೆದು ಕೋಟೇಶ್ವರಕ್ಕೆ ಹೋದೆವು. ಚಿತ್ರದ ಜೀವಾಳವೇ ಮಾಜಿ ಅಧ್ಯಕ್ಷರ ಸಂದರ್ಶನ. ಮೈಕು ಕಂಡರೆ ಬೇಡ ಎನ್ನುವ ಮನುಷ್ಯನಲ್ಲ ಅವರು. ಮೇಲಾಗಿ ಪ್ರಾಯದಲ್ಲಿ ತಾಳಮದ್ದಲೆಯಲ್ಲಿ ಅರ್ಥ ಹೇಳಿದವರು. ವೇಷವಿಲ್ಲದೆ ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುವ ಆ ಚಟ ಇದೆಯಲ್ಲ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಪರದೆಯ ಮೇಲೆ ಸ್ನೇಹಿತ "ಹಲಗೆ ಎಲ್ಲಿ?" ಎಂದು ಕೇಳಿದ್ದೇ ತಡ, ಅವರು ಶಾಲು ಕೊಡವಿದರು.

"ಹಲಗೆ ಎಂದರೇನು? ಮರ. ಮರವೆಂದರೇನು? ಮಣ್ಣಿನಿಂದ ಎದ್ದದ್ದು. ಮಣ್ಣಿನಿಂದ ಎದ್ದದ್ದನ್ನು ಗೆದ್ದಲು ಮರಳಿ ಮಣ್ಣಿಗೆ ಸೇರಿಸಿದರೆ, ಅದರಲ್ಲಿ ಅಧ್ಯಕ್ಷನ ಅಪರಾಧವೇನು?"

"ಭಲೇ!" ಎಂದಿತು ಸಭೆ. ಚಪ್ಪಾಳೆಯೋ ಚಪ್ಪಾಳೆ. ಒಬ್ಬರು ಇನ್ನೊಮ್ಮೆ ಹಾಕಿಸಿದರು.

ಮುಂದಿನ ಸಾಲಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕೂತಿದ್ದರು, ನಲವತ್ತು ವರ್ಷ ತಾಳಮದ್ದಲೆಯಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದವರು. ಸ್ನೇಹಿತನನ್ನು ಹತ್ತಿರ ಕರೆದರು. "ಅಲ್ದಾ ಮಾರಾಯ, ಅಷ್ಟ್ ಲಾಯ್ಕ್ ಮಾತಾಡುವವನ ಎದ್ರ್ ಕೂಕಂಡ್ ನೀ ಎಂತ ಮಾಡ್ದೆ?"

"ಪ್ರಶ್ನೆ ಕೇಂಡೆ, ಮೇಷ್ಟ್ರೇ."

"ಅದ್ ಪ್ರಶ್ನಿಯಾ? ಮದುಮಗನ ಹತ್ರ 'ಸ್ವಲ್ಪ ಈಚಿ ತಿರ್ಗಿ' ಅಂದಂಗ್ ಇತ್ತ್!"

ನಡುವೆ ನಾನು ಮಾಡಿದ ಒಂದು ಫೋನು

ಸ್ನೇಹಿತ ಎರಡು ದಿನ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ. ನನಗೆ ಕೈ ತುರಿಸತೊಡಗಿತು. ಮಾಜಿ ಅಧ್ಯಕ್ಷರಿಗೆ ಫೋನು ಮಾಡಿದೆ. "ಅಧ್ಯಕ್ಷರೇ, ಕೋಟೇಶ್ವರದಲ್ಲಿ ನಿಮ್ಮ ಮಾತಿಗೆ ಐನೂರು ಜನ ಎದ್ದು ನಿಂತು ಚಪ್ಪಾಳೆ ಹೊಡ್ದ್ರ್." ಆ ಸಭೆಯಲ್ಲಿ ಇದ್ದದ್ದು ಅರವತ್ತು ಕುರ್ಚಿ. ನಿಂತವರು ಇದ್ದರು, ಕುರ್ಚಿ ಸಿಗದವರು.

"ಹೌದಾ? ಯಾವ್ ಮಾತಿಗೆ?"

"ಗೆದ್ದಲಿನ ಮಾತಿಗೆ."

"ಅದ್ ನಂಗ್ ಅಲ್ಲೇ ಕೂತಲ್ಲೇ ಹೊಳ್ದದ್ದ್ ಮಾರಾಯ!"

ಭಾನುವಾರ ಕಿರಿಮಂಜೇಶ್ವರದಲ್ಲಿ ಜನ ನಿಮ್ಮನ್ನು ಎದುರೇ ಕೇಳಬೇಕು ಅಂತಾರೆ ಎಂದೆ. ಎದುರಿಗೆ ಯಾರು ಎಂದು ಕೇಳಿದರು. ಮೇಷ್ಟ್ರು ಎಂದೆ. (ಮೇಷ್ಟ್ರಿಗೆ ಅದು ಇನ್ನೂ ಗೊತ್ತಿರಲಿಲ್ಲ.) ಬೇರೆ ಯಾರಾದರೂ ಆಗಿದ್ದರೆ ವಕೀಲರನ್ನು ಕೇಳುತ್ತಿದ್ದರು. ಇವರು ಹಲ್ಲು ಕಚ್ಚಿ ಹೇಳಿದರು, "ಅವ್ರ್ ನನ್ನ್ ಒಂದ್ಸಲ ಸೋಲ್ಸಿರ್. ಬತ್ತೆ."

ಕಿರಿಮಂಜೇಶ್ವರದಲ್ಲಿ ಎದುರುಬದುರು

ಬಂದರು, ಇಸ್ತ್ರಿ ಮಾಡಿದ ಪಂಚೆ, ಹೊಸ ಶಾಲು. ಚಿತ್ರ ಮುಗಿಯಿತು. ಎರಡು ಕುರ್ಚಿ, ಎರಡು ಮೈಕು. ಗದ್ದೆಯ ಅಕ್ಕ ಮೂರನೇ ಸಾಲಿನಲ್ಲಿ. ಸ್ನೇಹಿತ ಕ್ಯಾಮರಾದ ಹಿಂದೆ, ಬೆವರಿ ನೀರಾಗಿ. ಇದು ಕೊನೆಯ ಪ್ರದರ್ಶನ.

ಹಲಗೆ ಎಲ್ಲಿ ಎಂದು ಮೇಷ್ಟ್ರು ಕೇಳಲೇ ಇಲ್ಲ. ಕನಿಕರದಿಂದ ಶುರುಮಾಡಿದರು.

"ಅಧ್ಯಕ್ಷರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಮರುಕ. ಒಂದೇ ಮಳೆಗಾಲಕ್ಕೆ ಗೆದ್ದಲಿನ ಪಾಲಾಗುವ ಹಲಗೆ! ಮರವನ್ನೇ ಅರಿಯದ ಅಧ್ಯಕ್ಷನನ್ನು ಈ ಊರು ಹೊತ್ತು ಮೆರೆಯಿತೇ?"

"ಮರವನ್ನು ಅರಿಯದವನು ನಾನೇ? ಕಣ್ಣು ಮುಚ್ಚಿ ಮುಟ್ಟಿ ಇಂಥದೇ ಮರ ಎನ್ನುತ್ತಿದ್ದ ಅಜ್ಜನ ಮೊಮ್ಮಗ ನಾನು!"

"ಅಜ್ಜ ಮುಟ್ಟಿದ್ದು ಮರವೇ ಇರಬಹುದು. ಮೊಮ್ಮಗ ತಂದದ್ದು ಹಪ್ಪಳ."

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರ ಕಿವಿ ಕೆಂಪಾಯಿತು. "ಹಪ್ಪಳವೇ! ಒಂದೊಂದನ್ನೂ ಬೆರಳಿನಿಂದ ಬಡಿದು ನೋಡಿ ಆರಿಸಿ ತಂದ ಹಲಗೆ!"

"ಆರಿಸಿ ತಂದದ್ದಾದರೆ ಗೆದ್ದಲು ಹೇಗೆ ತಿಂದೀತು?"

ಎದುರಾಳಿಯ ಮಾತನ್ನು ಉತ್ತರವಿಲ್ಲದೆ ಬಿಡುವುದು ತಾಳಮದ್ದಲೆಯವರಿಂದ ಆಗುವ ಕೆಲಸವೇ? ಅಧ್ಯಕ್ಷರು ಕುರ್ಚಿಯ ಕೈಗೆ ಗುದ್ದಿ ಎದ್ದೇ ನಿಂತರು. ಪುಸ್ತಕದ ಕನ್ನಡ ಎಲ್ಲೋ ಹಾರಿಹೋಯಿತು.

"ಯಾವ್ ಗೆದ್ಲ್ ಮಾರಾಯ್ರೆ? ನಮ್ಮನಿ ಮಾಳ್ಗಿ ಹತ್ತಿ ಕಾಣಿ! ಹನ್ನೆರ್ಡ್ ವರ್ಷ ಆಯ್ತ್, ಒಂದ್ ಹಲ್ಗಿಗೂ ಗೆದ್ಲ್ ಮುಟ್ಲಿಲ್ಲೆ!"

ಮೊದಲು ಚಪ್ಪಾಳೆ ಬಿತ್ತು, ಸೂರು ಹಾರುವಂಥದ್ದು. ಜನರಿಗೆ ಮಾತು ತಲೆಗೆ ಹೋದದ್ದು ಆಮೇಲೆ. ಚಪ್ಪಾಳೆ ಅಲ್ಲಲ್ಲೇ ನಿಂತಿತು.

ಗದ್ದೆಯ ಅಕ್ಕ ಸೆರಗು ಸಿಕ್ಕಿಸಿ ಎದ್ದರು. "ಹಾಂಗಾರೆ ಅಧ್ಯಕ್ಷರೇ, ನಾಳೆ ಬೆಳಿಗ್ಗೆ ಟೆಂಪೋ ತಕಂಡ್ ಬತ್ತೆ. ಮಾಳ್ಗಿ ಬಾಗ್ಲ್ ತೆಗ್ದ್ ಇಡಿ."

ಅಧ್ಯಕ್ಷರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ವಿನಯದಿಂದ ಕೈ ಮುಗಿದರು. "ಬನ್ನಿ ಅಕ್ಕಾ" ಎಂದರು ಅಧ್ಯಕ್ಷರು, ಮೈಕಿಗೂ ಕೇಳಿಸದಷ್ಟು ಮೆಲ್ಲಗೆ.

ಆಮೇಲೆ ಇಳಿದು ನೇರ ಕ್ಯಾಮರಾದ ಕಡೆಗೆ ನಡೆದರು. ಕಸಿದುಕೊಳ್ಳಲಿಕ್ಕೇ ಬಂದರು ಎಂದು ಸ್ನೇಹಿತ ಅದನ್ನು ಮಗುವಿನ ಹಾಗೆ ಅವಚಿಕೊಂಡ.

"ಎಲ್ಲ ರೆಕಾರ್ಡ್ ಆಯ್ತಾ?"

"ಆ... ಆಯ್ತ್."

ಅಧ್ಯಕ್ಷರು ಆಚೀಚೆ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು. "ಕಡಿಗಿನ ಮಾತಿಗೆ ಚಪ್ಪಾಳಿ ಬಿತ್ತಲೆ, ಅದ್ ಮಾತ್ರ ಕಟ್ ಮಾಡ್ಬೇಡ ಮಾರಾಯ."