ನನ್ನ ಕ್ಯಾಲಿಬರಿನ ಪ್ರಶ್ನೆ

ಕೆಲವರಿಗೆ ವಸ್ತು ಇಷ್ಟ, ಇನ್ನು ಕೆಲವರಿಗೆ ಅದನ್ನು ಆರಿಸುವುದೇ ಇಷ್ಟ. ನಾನು ಎರಡನೆಯವರ ಪೈಕಿ. ಒಮ್ಮೆ ಮಿಕ್ಸರ್ ಕೊಳ್ಳಲು ಹೊರಟು ಅದರ ಮೋಟಾರು, ಬ್ಲೇಡುಗಳ ಬಗ್ಗೆ ಎಷ್ಟು ಕಾಲ ಓದಿದೆನೆಂದರೆ, ಅಷ್ಟರಲ್ಲಿ ಕಂಪನಿಯವರು ಆ ಮಾದರಿಯನ್ನೇ ನಿಲ್ಲಿಸಿಬಿಟ್ಟಿದ್ದರು. ಕನ್ನಡಕದ ಹೊಸ ಫ್ರೇಮ್ ಆರಿಸಲು ಹೋದವನು ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಹಳೆಯದಕ್ಕೇ ಹೊಸ ಗಾಜು ಕೂರಿಸಿಕೊಂಡು ಬಂದಿದ್ದೇನೆ. ಇಂಥವನ ತಲೆಗೆ ರೈಫಲ್ಲಿನ ಕ್ಯಾಲಿಬರ್ ಆರಿಸುವ ಕೆಲಸವನ್ನು ದೇವರು ಕಟ್ಟಬಾರದಿತ್ತು.

ರೈಫಲ್ ಎಂದ ಕೂಡಲೇ ಗಾಬರಿಯಾಗಬೇಡಿ. ನಾನು ಶಿಗ್ಗಾಂವದ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುವ ನಿರುಪದ್ರವಿ ಪ್ರಾಣಿ. ಜಿರಲೆ ಕಂಡರೂ ಹೆಂಡತಿಯನ್ನು ಕೂಗುತ್ತೇನೆ. ಆದರೆ ನಡುವಯಸ್ಸಿನಲ್ಲಿ ಪ್ರತಿಯೊಬ್ಬ ಗಂಡಸಿಗೂ ಒಂದು ಹುಚ್ಚು ಹತ್ತುತ್ತದಂತೆ. ಕೆಲವರು ಸೈಕಲ್ ತುಳಿಯುತ್ತಾರೆ, ಕೆಲವರು ಕೊಳಲು ಕಲಿಯುತ್ತಾರೆ, ನಾನು ರೈಫಲ್ ಕ್ಲಬ್ಬು ಸೇರಿದೆ. ಅಲ್ಲಿ ಸಣ್ಣ ಪಾಯಿಂಟ್ ಟೂ-ಟೂ ರೈಫಲ್ಲಿನಿಂದ ಐವತ್ತು ಮೀಟರಿನಾಚೆಯ ಕಾಗದಕ್ಕೆ ಹೊಡೆಯುವುದು. ಗುಂಡುಗಳು ಕಾಗದದ ಮೇಲೆ ಎಲ್ಲೋ ಒಂದು ಕಡೆ ಬೀಳುತ್ತಿದ್ದವು. ಅಷ್ಟಕ್ಕೇ ನನಗೆ ದೂರದ ಗುರಿಯ ಕನಸು ಬೀಳಲು ಶುರುವಾಯಿತು. ಮುನ್ನೂರು ಮೀಟರ್! ಅದಕ್ಕೆ ದೊಡ್ಡ ರೈಫಲ್ ಬೇಕು, ದೊಡ್ಡ ರೈಫಲ್ಲಿಗೆ ಲೈಸೆನ್ಸ್ ಬೇಕು, ಲೈಸೆನ್ಸಿನ ಅರ್ಜಿಯಲ್ಲಿ ಯಾವ ಕ್ಯಾಲಿಬರ್ ಎಂದು ಬರೆಯಬೇಕು. ಅಲ್ಲಿಗೆ ನನ್ನ ಗಾಡಿ ಹೂತು ನಿಂತಿತು.

ಕ್ಯಾಲಿಬರ್ ಎಂದರೆ ನಳಿಗೆಯ ಒಳಗಿನ ಅಗಲ, ಅದಕ್ಕೆ ತಕ್ಕ ಗುಂಡು. ಇಷ್ಟನ್ನೇ ತಿಳಿದು ಸುಮ್ಮನಿದ್ದವನು ಸುಖಿ. ನಾನು ಸುಮ್ಮನಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ತ್ರೀ-ನಾಟ್-ಏಟ್ ಎಂಬುದು ಹಳೆಯ ನಂಬಿಕಸ್ಥ. ಸಿಕ್ಸ್ ಪಾಯಿಂಟ್ ಫೈವ್ ಎಂಬುದು ಸಪೂರ. ಗಾಳಿಗೆ ಅಷ್ಟಾಗಿ ಜಗ್ಗುವುದಿಲ್ಲ, ಭುಜಕ್ಕೆ ಒದೆಯುವುದೂ ಕಡಿಮೆ. ತ್ರೀ ಹಂಡ್ರೆಡ್ ಮ್ಯಾಗ್ನಮ್ ಎಂಬುದು ಹೆಸರು ಹೇಳಿದರೇ ಎದೆ ಉಬ್ಬುವಂಥದ್ದು. ಸೋಮವಾರ ಒಂದಕ್ಕೆ ಮನಸ್ಸಾದರೆ ಗುರುವಾರ ಇನ್ನೊಂದಕ್ಕೆ. ಊಟಕ್ಕೆ ಕುಳಿತಾಗಲೂ ಇದೇ ಮಾತು. ಒಂದು ದಿನ ನನ್ನ ಹೆಂಡತಿ ಗಿರಿಜಾ ಸೌಟು ಹಿಡಿದು ನಿಂತು ಕೇಳಿದಳು: "ನಿಮ್ಮ ಮ್ಯಾಗ್ನಮ್ಮಗ ಸಾರು ಸಾಕೇನ್ರಿ, ಇನ್ನೊಂದೀಟ ಹಾಕ್ಲೋ?"

ಅವ್ವನಿಗೆ ಮಾತ್ರ ಈ ವಿಷಯದಲ್ಲಿ ನಿಜವಾದ ಕುತೂಹಲವಿತ್ತು. "ಎಷ್ಟ ದೂರ ಇಡ್ತಾರಪಾ ಆ ಗುರಿ ಹಲಗಿ?" ಎಂದು ಕೇಳಿದಳು.

"ಮುನ್ನೂರು ಮೀಟರ್ ಅವ್ವಾ. ನಮ್ಮ ಮನಿಯಿಂದ ಹಿಟ್ಟಿನ ಗಿರಣಿ ತನಕಾ ಅಂತ ತಿಳ್ಕೋ."

"ಅಷ್ಟ ದೂರ ಯಾಕ ಇಡಬೇಕು? ಹತ್ರ ಇಟ್ಟ ಹೊಡದ್ರ ತಪ್ಪೂದ ಇಲ್ಲಲ್ಲ."

ದೂರ ಇಡುವುದೇ ಈ ಆಟದ ಮರ್ಮ ಎಂದು ವಿವರಿಸಿದೆ. ಅವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದಳು. "ತಪ್ಪಲಿ ಅಂತ ದೂರ ಇಡೂದು, ಆಮ್ಯಾಲ ತಪ್ಪಬಾರ್ದು ಅಂತ ದೊಡ್ಡ ಬಂದೂಕ ತರೂದು. ಚಂದ ಐತಿ ಬಿಡಪಾ ನಿಮ್ಮ ಉದ್ಯೋಗ," ಎಂದಳು.

ಇಂಥ ತರ್ಕ ನನಗೆ ಬೇಕಿರಲಿಲ್ಲ. ಹಾಗಾಗಿ ನನ್ನ ಮಾತಿಗೆ ತಲೆದೂಗುವವರ ಹತ್ತಿರ ಹೋದೆ. ಮೆಹಬೂಬಸಾಬರು ಸವಣೂರಿನವರು, ನಮ್ಮ ಕ್ಲಬ್ಬಿನ ಸದಸ್ಯರು, ತಮ್ಮೂರಿನ ವೀಳ್ಯದೆಲೆಯನ್ನು ಸದಾ ಬಾಯಲ್ಲಿಟ್ಟುಕೊಂಡೇ ಮಾತಾಡುವವರು. "ಸರ, ಕೈಯಾಗ ಹಿಡದ್ರ ಹಿಡದಂಗ ಕಾಣಬೇಕ್ರಿ. ದಿಲ್ ದೊಡ್ಡದಿದ್ದಾಂವ ಸಣ್ಣ ಬಂದೂಕ ಯಾಕ ಹಿಡೀಬೇಕು?" ಎಂದರು. ನನ್ನ ದಿಲ್ ದೊಡ್ಡದೆಂದು ಹೇಳಿದ ಮೊದಲ ಮನುಷ್ಯ ಅವರು. ಮ್ಯಾಗ್ನಮ್ಮೇ ಸೈ ಎಂದು ಅಂದೇ ತೀರ್ಮಾನಿಸಿದೆ.

ಆದರೆ ನಮಗೆ ಗುರಿ ಕಲಿಸುವವರು ಸುಬೇದಾರರು. ಸೈನ್ಯದಿಂದ ನಿವೃತ್ತರಾಗಿ ಹಂಸಭಾವಿಯಲ್ಲಿ ಗೋವಿನಜೋಳ ಬೆಳೆಯುತ್ತಾರೆ. ಫೋನಿನಲ್ಲಿ ನನ್ನ ತೀರ್ಮಾನ ಕೇಳಿ ಅವರು ಮೊದಲು, ಅರ್ಜಿ ಇನ್ನೂ ಕೊಟ್ಟಿಲ್ಲ ತಾನೇ ಎಂದು ಖಚಿತಪಡಿಸಿಕೊಂಡರು. ಆಮೇಲೆ, "ಸರ, ಅರ್ಜಿಯೊಳಗ ಒಮ್ಮೆ ಬರದ್ರ ಬದಲಿ ಮಾಡಸೂದು ಬಾಳ ತ್ರಾಸು. ರವಿವಾರ ಬರ್ರಿ, ದೊಡ್ಡದೊಂದು ಹೊಡದ ನೋಡ್ರಿ. ರಾಜ್ಯದ ಸ್ಪರ್ಧಾಕ್ಕ ನಮ್ಮ ತಂಡಕ್ಕೂ ಒಬ್ರು ಕಡಿಮಿ ಅದಾರ," ಎಂದರು. ತಂಡ ಎಂಬ ಮಾತು ಕೇಳಿದ್ದೇ ತಡ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಪ್ರಾಂಶುಪಾಲರು ಮುಂಗಡವಾಗಿ ಕೈಕುಲುಕಿದರು.

ಹಾನಗಲ್ ಕಡೆಯ ಒಂದು ಗುಡ್ಡದ ಬುಡದಲ್ಲಿ ಸುಬೇದಾರರು ಗುರಿ ಕಲಿಸುವ ರೇಂಜ್ ಇತ್ತು. ಭಾನುವಾರ ಮೆಹಬೂಬಸಾಬರ ಕಾರಿನಲ್ಲಿ ಹೊರಟೆವು. ಹಾನಗಲ್ಲಿನ ತನ್ನ ಚಿಕ್ಕಮ್ಮನ ಮನೆಗೆ ಹೋಗಿಬರಬಹುದೆಂದು ಗಿರಿಜಾ ಜೊತೆಗೆ ಬಂದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ. ನಾವು ಗುಂಡು ಹೊಡೆಯುವಷ್ಟು ಹೊತ್ತು ತಿದ್ದಲು ಉತ್ತರಪತ್ರಿಕೆಗಳ ಕಟ್ಟನ್ನು ತಂದಿದ್ದಳು.

ಸುಬೇದಾರರು ಕ್ಲಬ್ಬಿನ ತ್ರೀ-ನಾಟ್-ಏಟ್ ರೈಫಲ್ ತೆಗೆದರು. "ಮ್ಯಾಗ್ನಮ್ ಇದಕ್ಕಿಂತಾ ಜೋರ ಒದಿತೈತ್ರಿ ಸರ. ಮೊದಲ ಇದನ್ನ ತಡಕೊಳ್ರಿ," ಎಂದರು. ಚಾಪೆಯ ಮೇಲೆ ಬೋರಲು ಮಲಗಿ ಬಂದೂಕಿನ ಕುದುರೆ ಒತ್ತಿದೆ. ಯಾರೋ ಒನಕೆಯಿಂದ ಭುಜಕ್ಕೆ ಕುಟ್ಟಿದಂತಾಯಿತು. ಗುಂಡು ಹಲಗೆಯ ಕೆಳಗೆ ಮಣ್ಣೆಬ್ಬಿಸಿತು. ಗಾಳಿ ಇದೆ ಎಂದೆ. ಎರಡನೆಯದೂ ಮಣ್ಣಿಗೇ ಹೋಯಿತು. ಗುಂಡು ಹಳೆಯದಿರಬೇಕು ಎಂದೆ. ಸುಬೇದಾರರು ರೈಫಲ್ ತೆಗೆದುಕೊಂಡು, ಅತ್ತ ತಿರುಗಿ ತಾವೇ ಅಣಿಮಾಡಿ ನನ್ನ ಕೈಗೆ ಕೊಟ್ಟರು. ಉಸಿರು ಹಿಡಿದೆ, ಗುರಿ ನೋಡಿದೆ, ಒತ್ತಿದೆ.

ಟಕ್ ಎಂದಿತು, ಅಷ್ಟೇ. ಒಳಗೆ ಗುಂಡೇ ಇರಲಿಲ್ಲ. ಆದರೆ ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಭುಜ ಮುಂದಕ್ಕೆ ಹಾರಿತ್ತು, ನಳಿಗೆ ನೆಲಕ್ಕೆ ಮೂಗು ತಾಗಿಸಿತ್ತು, ಬಾಯಿಂದ "ಅಯ್ಯೋ" ಎಂಬ ಶಬ್ದವೂ ಹೊರಟಿತ್ತು. ಮೆಹಬೂಬಸಾಬರು ಆಕಾಶದಲ್ಲಿ ಏನನ್ನೋ ಹುಡುಕತೊಡಗಿದರು.

ಸುಬೇದಾರರು ಮೆಲ್ಲಗೆ ಹೇಳಿದರು: "ಸರ, ಗುಂಡ ಹಾರಲಿಲ್ಲ. ನೀವ ಹಾರಿದ್ರಿ."

ಒದೆತ ಬರುತ್ತದೆಂದು ಮೈ ಮೊದಲೇ ಬೆದರಿದರೆ ಗುರಿ ತಪ್ಪುತ್ತದೆ, ಅದಕ್ಕೆ ಯಾವ ಕ್ಯಾಲಿಬರೂ ಮದ್ದಲ್ಲ ಎಂದು ಅವರು ವಿವರಿಸಿದರು. ನಾನು ಭುಜ ತಿಕ್ಕಿಕೊಳ್ಳುತ್ತ ಎದ್ದೆ. ಅಷ್ಟರಲ್ಲಿ ಅವರು ಸುಮ್ಮನೆ ಮರ್ಯಾದೆಗೆಂದು, "ಅಕ್ಕೋರ, ನೀವೂ ಒಂದ ಹೊಡೀತೀರೇನ್ರಿ?" ಎಂದು ಗಿರಿಜಾಳನ್ನು ಕೇಳಿದರು.

"ಕಾಲೇಜಿನ್ಯಾಗ ಎನ್‌ಸಿಸಿಯೊಳಗ ಹೊಡದಿದ್ದೆ. ಆಮ್ಯಾಲ ಮುಟ್ಟಿಲ್ರಿ," ಎನ್ನುತ್ತಾ ಅವಳು ಕೆಂಪು ಪೆನ್ನನ್ನು ಮುಡಿಗೆ ಸಿಕ್ಕಿಸಿ ಚೂಡಿದಾರದ ಓಢಣಿ ಸೊಂಟಕ್ಕೆ ಬಿಗಿದು ಮಲಗಿದಳು. ಮೊದಲನೆಯ ಗುಂಡು ಹಲಗೆಯ ಅಂಚಿಗೆ ಬಿತ್ತು, ಎರಡನೆಯದು ಒಳಗೆ ಸರಿಯಿತು. ಮೂರನೆಯ ಸಲ ಸುಬೇದಾರರು ಅತ್ತ ತಿರುಗಿ ಅದೇ ಆಟ ಆಡಿದರು. ಟಕ್ ಎಂದಿತು. ನಳಿಗೆ ಕದಲಲಿಲ್ಲ. ಗಿರಿಜಾ ತಲೆಯೆತ್ತಿ, ಲೆಕ್ಕದಲ್ಲಿ ಒಂದು ಹಂತ ಬಿಟ್ಟ ಹುಡುಗನನ್ನು ನೋಡುವಂತೆ ಸುಬೇದಾರರನ್ನು ನೋಡಿದಳು. "ಇದರಾಗ ಗುಂಡ ಹಾಕೂದು ಮರತ್ರೇನ್ರಿ?"

"ಮರತಿಲ್ರಿ ಅಕ್ಕೋರ," ಎಂದ ಸುಬೇದಾರರ ಮುಖದಲ್ಲಿ ನಾನು ಎಂದೂ ಕಾಣದ ಸಂತೋಷವಿತ್ತು. "ನೀವು ನಮ್ಮ ತಂಡಕ್ಕ ಬರ್ತೀರೇನ್ರಿ?"

ಗಿರಿಜಾ ನನ್ನ ಕಡೆ ನೋಡಿದಳು. "ನಿನ್ನ ಇಷ್ಟ," ಎಂದೆ. ಗಂಡಸರು ಈ ಎರಡು ಪದಗಳನ್ನು ಯಾವಾಗ, ಯಾವ ಧಾಟಿಯಲ್ಲಿ ಹೇಳುತ್ತಾರೆಂದು ಲೋಕಕ್ಕೆಲ್ಲ ಗೊತ್ತು. ಹಾನಗಲ್ಲಿನ ಚಿಕ್ಕಮ್ಮ ಪ್ರೀತಿಯಿಂದ ಬಡಿಸಿದ ಹೋಳಿಗೆ ನನಗೆ ರುಚಿಸಲಿಲ್ಲ. ಆ ವಾರವೆಲ್ಲ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಕೊನೆಗೆ ಗಿರಿಜಾಳೇ ಹೇಳಿದಳು: "ನಾ ಒಲ್ಲೆ ಅಂತ ಸುಬೇದಾರರಿಗೆ ಹೇಳ್ತೇನಿ ಬಿಡ್ರಿ. ನಿಮ್ಮ ಮಾರಿ ನೋಡಾಕ ಆಗವಲ್ದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಸೆಯೊಂದನ್ನು ಮಡಿಚಿ ಒಳಗಿಡುವ ಸದ್ದು ಮಾತ್ರ ಇತ್ತು. ಅದು ನನಗೆ ರೈಫಲ್ಲಿನ ಒದೆತಕ್ಕಿಂತ ಜೋರಾಗಿ ತಾಗಿತು.

ಮಾತು ಕೇಳಿಸಿಕೊಂಡ ಅವ್ವ ಒಳಗಿನಿಂದಲೇ ಕೂಗಿದಳು: "ಆಕಿಗೆ ಬರ್ತೈತಿ ಅಂದ್ರ ಆಕಿ ಹೊಡೀಲಿ. ನೀ ಹಲಗಿ ಹಿಡಕೊಂಡ ನಿಂದ್ರು!"

ಹಲಗೆಯನ್ನು ಯಾರೂ ಹಿಡಿದು ನಿಲ್ಲುವುದಿಲ್ಲ ಎಂದು ಅವ್ವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದಳೋ ಕಾಣೆ. ನನಗಂತೂ ನಗು ತಡೆಯಲಾಗಲಿಲ್ಲ. ಗಿರಿಜಾಳೂ ನಕ್ಕಳು. ಮರುದಿನವೇ ಇಬ್ಬರೂ ಬಸ್ಸು ಹತ್ತಿ ಹಂಸಭಾವಿಗೆ ಹೋದೆವು. ಸುಬೇದಾರರ ಕಟ್ಟೆಯ ಮೇಲೆ ಕುಳಿತು ಗಿರಿಜಾ ಎರಡೇ ಪ್ರಶ್ನೆ ಕೇಳಿದಳು.

"ಯಾವುದು ಕಡಿಮಿ ಒದಿತೈತ್ರಿ?"

"ಸಿಕ್ಸ್ ಪಾಯಿಂಟ್ ಫೈವ್."

"ಯಾವುದರ ಗುಂಡು ನಮಗ ಸುಲಭ ಸಿಗ್ತಾವ?"

"ತ್ರೀ-ನಾಟ್-ಏಟ್. ಬಂದೂಕು ಒಂದೀಟ ಭಾರಂದು ತಗೊಂಡ್ರ ಅದರ ಒದೆತಾನೂ ತಡಕೋಬಹುದ್ರಿ."

"ಹಂಗಾರ ಅದ ಇರ್ಲಿ. ಗುಂಡ ಸಿಗದಿದ್ರ ಕಲಿಯೂದ್ಹೆಂಗ?"

ನಮಗೆ ಕೊಟ್ಟ ಚಹಾ ಇನ್ನೂ ಆರಿರಲಿಲ್ಲ, ತೀರ್ಮಾನ ಆಗಿಹೋಗಿತ್ತು. ಸಿಕ್ಸ್ ಪಾಯಿಂಟ್ ಫೈವ್ ಬಗ್ಗೆ ನನ್ನಲ್ಲಿ ಬಹಳಷ್ಟು ಮಾಹಿತಿ ಇದೆ ಎಂದು ಹೇಳಲು ಬಾಯಿ ತೆರೆದೆ. ಸುಬೇದಾರರು ನನ್ನ ಮುಂದೆ ಅವಲಕ್ಕಿಯ ತಟ್ಟೆ ಸರಿಸಿದರು.

ಗಿರಿಜಾ ಕ್ಲಬ್ಬಿನ ರೈಫಲ್ಲಿನಲ್ಲೇ ಅಭ್ಯಾಸ ಮಾಡಿ ಸ್ಪರ್ಧೆಗೆ ಹೋಗಿಬಂದಳು. ಪದಕ ಬರಲಿಲ್ಲ, ಪಟ್ಟಿಯ ನಡುವೆ ಎಲ್ಲೋ ಹೆಸರು ಬಂತು. ಬಸ್ಸಿನಿಂದ ಇಳಿದಾಗ ಅವಳ ಅರಳಿದ ಮುಖ ನೋಡಿದ ಅವ್ವ ಸೊಸೆ ಗೆದ್ದಳೆಂದೇ ತಿಳಿದು ಆರತಿ ಎತ್ತಿದಳು. ಲೈಸೆನ್ಸಿನ ಅರ್ಜಿ ಈಗ ಗಿರಿಜಾಳ ಹೆಸರಿನಲ್ಲಿ ಕಚೇರಿಯಿಂದ ಕಚೇರಿಗೆ ಪ್ರಯಾಣದಲ್ಲಿದೆ. ನನಗೂ ತಂಡದಲ್ಲಿ ಒಂದು ಹುದ್ದೆ ಸಿಕ್ಕಿದೆ. ಅಭ್ಯಾಸದ ದಿನ ದುರ್ಬೀನಿನ ಹಿಂದೆ ಕುಳಿತು ಗಾಳಿಯ ದಿಕ್ಕು ಹೇಳುವುದು ನನ್ನ ಕೆಲಸ. ಜವಾಬ್ದಾರಿಯ ಕೆಲಸವೆಂದು ಸುಬೇದಾರರೇ ಹೇಳಿದ್ದಾರೆ.

ಹೋದ ಭಾನುವಾರ ಗಿರಿಜಾ ಚಾಪೆಯ ಮೇಲಿಂದ, "ಗಾಳಿ ಹೆಂಗೈತ್ರಿ?" ಎಂದಳು. ನಾನು ದುರ್ಬೀನಿಗೆ ಕಣ್ಣಿಟ್ಟು, "ಹುಲ್ಲು ನೋಡಿದ್ರ ಎಡದಿಂದ ಅನಸ್ತೈತಿ. ಆದ್ರ ಹಲಗಿ ಹತ್ರದ ಬಾವುಟ ನೋಡಿದ್ರ ಸ್ವಲ್ಪ ಬಲದಿಂದಾನೂ ಐತಿ. ಒಟ್ಟಾರೆ ವಿಚಾರ ಮಾಡಿದ್ರ..." ಎನ್ನುವಷ್ಟರಲ್ಲಿ ಢಂ ಎಂದಿತು. ಗುಂಡು ಹಲಗೆಯ ನಟ್ಟನಡುವೆ ಕೂತಿತ್ತು.

ಸ್ಟಾಫ್ ರೂಮಿನಲ್ಲಿ ಪ್ರಾಂಶುಪಾಲರು ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳಿದರು. ಗಾಳಿಯನ್ನು ಸರಿಯಾಗಿ ಹೇಳುವವರೊಬ್ಬರಿದ್ದರೆ ಎಂಥವರೂ ಹೊಡೆಯಬಹುದು ಎಂದೆ.