ಕೊಡಲಿ ಬೀಳಲಿಲ್ಲ

ಎದುರಿಗೆ ನಿಂತವರ ಮುಖ ನೋಡಿ ‘ಆಗುವುದಿಲ್ಲ’ ಎನ್ನಲು ಬಾರದವರು ಲೋಕದಲ್ಲಿ ಬಹಳ ಮಂದಿ. ಹೆಚ್ಚಿನವರ ಕಷ್ಟ ಮದುವೆಯೂಟದಲ್ಲಿ ಬೇಡದ ಹೋಳಿಗೆ ಹಾಕಿಸಿಕೊಂಡು ನರಳುವಲ್ಲಿಗೆ ಮುಗಿಯುತ್ತದೆ. ನನ್ನದು ಹಾಗಲ್ಲ. ನಾನು ಮರ ಕಡಿಯುವವನು. ನಾನು ಹಲ್ಲು ಕಿರಿದು ‘ಹ್ಞೂಂ’ ಎಂದರೆ ನಮ್ಮಜ್ಜನಿಗಿಂತ ಹಳೆಯ ಬೇವೊಂದು ನೆಲಕ್ಕುರುಳುತ್ತದೆ. ಸೊಲ್ಲಾಪುರದಲ್ಲಿ ‘ಗಿಡದ ರೇವಪ್ಪ’ ಎಂದರೆ ಹೋಟಗಿಯ ನಮ್ಮ ಮನೆಯವರೆಗೂ ದಾರಿ ಹೇಳುತ್ತಾರೆ. ಕರೆಂಟಿನ ತಂತಿಗೆ ತಾಗುವ ಟೊಂಗೆ, ಒಣಗಿ ನಿಂತ ಹುಣಸೆ, ಗೋಡೆ ಸೀಳಿದ ಅರಳಿ, ಇವೆಲ್ಲ ನ್ಯಾಯವಾದ ಕೆಲಸ. ಆದರೆ ಬರುವವರೆಲ್ಲ ನ್ಯಾಯ ಹಿಡಿದುಕೊಂಡೇ ಬರುವುದಿಲ್ಲ. ಎಲೆ ಉದುರಿ ಕಾರು ಹೊಲಸಾಗುತ್ತದೆಂದು ಒಬ್ಬರು ಬಂದರೆ, ವಾಸ್ತು ಹೇಳುವವನು ಈಶಾನ್ಯದಲ್ಲಿ ನೆರಳು ಕೂಡದೆಂದನೆಂದು ಇನ್ನೊಬ್ಬರು. ಒಬ್ಬ ಮಹಾಶಯರಂತೂ ಬೀಗರು ಬಂದಾಗ ಮನೆಯ ಹೊಸ ಬಣ್ಣ ಬೀದಿಗೆ ಕಾಣಲಿಲ್ಲ ಎಂಬ ದುಃಖಕ್ಕೆ ಮಾವಿನ ಮರ ಕಡಿಸಲು ಬಂದಿದ್ದರು. ನಾನು ಅವರಿಗೆ ಚಹಾ ಕೊಟ್ಟೆ. ‘ಆಗೂದಿಲ್ರಿ’ ಎಂಬ ಒಂದೇ ಒಂದು ಮಾತು ಮಾತ್ರ ಕೊಡಲಾಗಲಿಲ್ಲ.

ಹಾಗಾದರೆ ಆ ಮಾವು ಉಳಿದದ್ದು ಹೇಗೆ ಎಂದರೆ, ಅಪ್ಪನ ಪದ್ಧತಿಯಿಂದ. ಅಪ್ಪನೂ ಇದೇ ಕಸುಬಿನವನು. ಮರ ಕಡಿಯುವ ಹಿಂದಿನ ಸಂಜೆ ಬುಡಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಕೊಡಲಿಯನ್ನು ಕಾಂಡಕ್ಕೆ ಒರಗಿಸಬೇಕು. “ನಾಳಿ ಬರ್ತೀವಿ, ಈ ಗಿಡದಾಗ ಇದ್ದವ್ರು ಬ್ಯಾರೆ ಕಡಿ ಹೋಗ್ರಿ” ಎಂದು ಹೇಳಿ, ತಿರುಗಿ ನೋಡದೆ ಬರಬೇಕು. ಬೆಳಿಗ್ಗೆ ಕೊಡಲಿ ನಿಂತಿದ್ದರೆ ಮರ ಒಪ್ಪಿದಂತೆ. ಬಿದ್ದಿದ್ದರೆ ಒಪ್ಪಿಲ್ಲ, ಆ ಮರವನ್ನು ಮುಟ್ಟುವಂತಿಲ್ಲ. ನನಗೆ ಇದರಲ್ಲಿ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ಆದರೆ ಉಪಯೋಗ ಬಹಳವಿತ್ತು. ಮನಸ್ಸಿಗೆ ಬಾರದ ಕೆಲಸವಾದರೆ ಯಜಮಾನರು ಏಳುವ ಮೊದಲೇ ಹೋಗಿ ಕೊಡಲಿಯನ್ನು ನಾನೇ ಮೆಲ್ಲಗೆ ಮಲಗಿಸುತ್ತಿದ್ದೆ. ಆಮೇಲೆ ಸತ್ತ ಮನೆಯ ಮುಖ ಹಾಕಿಕೊಂಡು “ಕೊಡಲಿ ಬಿದ್ದದರಿ” ಎಂದರೆ ಸಾಕು, ಎಂಜಿನಿಯರುಗಳ ಮುಖವೂ ಬಿಳಿಚಿಕೊಳ್ಳುತ್ತಿತ್ತು. ಯಜಮಾನರಿಗೆ ನನ್ನ ಮೇಲೆ ಸಿಟ್ಟಿಲ್ಲ, ಮರಕ್ಕೆ ಜೀವ ಉಂಟು, ನನಗೆ ಪುಣ್ಯ. ನನ್ನ ಧರ್ಮವನ್ನು ಕೊಡಲಿಯ ಕೈಗೆ ಕೊಟ್ಟು ನಾನು ಹದಿನೈದು ವರ್ಷ ಹಾಯಾಗಿದ್ದೆ.

ಕಳೆದ ಬೇಸಿಗೆಯಲ್ಲಿ ಮಲಕಪ್ಪ ಶೇಟರು ಕರೆದರು. ಸೊಲ್ಲಾಪುರದಲ್ಲಿ ಅವರದು ಬಟ್ಟೆಯ ವ್ಯಾಪಾರ. ಅಕ್ಕಲಕೋಟೆಯಲ್ಲಿ, ದರ್ಶನಕ್ಕೆ ಬರುವ ಜನರಿಗೆಂದು ಲಾಡ್ಜ್ ಕಟ್ಟಿಸಿದ್ದರು. ಮುಂದೆ ಒಂದು ಬೇವು. ಇಬ್ಬರು ಕೈಕೈ ಹಿಡಿದರೂ ತಬ್ಬಲಾಗದ ಮರ. ಅದರ ಹಿಂದೆ ಲಾಡ್ಜಿನ ಬೋರ್ಡು ಯಾರಿಗೂ ಕಾಣುವುದಿಲ್ಲ. ಕಡಿಯಲು ನಗರಪಾಲಿಕೆ ಪರವಾನಗಿ ಕೊಟ್ಟಿಲ್ಲ.

ನಾನು ಹೋದದ್ದು ನಡು ಮಧ್ಯಾಹ್ನ. ಆ ಹೊತ್ತಿನಲ್ಲಿ ನಮ್ಮ ಕಡೆ ದೆವ್ವಗಳೂ ನೆರಳು ಹುಡುಕುತ್ತವೆ ಎನ್ನುತ್ತಾರೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಗಾಳಿ ಬೀಸುತ್ತಿತ್ತು, ಲಾಡ್ಜಿನ ಮೇಲೆ ಒಣಹಾಕಿದ್ದ ಚಾದರಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಆದರೆ ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕಾಂಡದ ಮೇಲೆ ಕೈಯಿಟ್ಟೆ. ಅಷ್ಟು ಬಿಸಿಲಿನಲ್ಲೂ ತೊಗಟೆ ತಣ್ಣಗಿತ್ತು. ಶೇಟರು ನನ್ನ ಕಿವಿಯ ಬಳಿ ಬಂದು ಪಿಸುಗುಟ್ಟಿದರು.

“ಕಡೀಬ್ಯಾಡ ರೇವಪ್ಪ. ನಮ್ಮ ಕಡಿ ಬೇರಷ್ಟs ಕೊಯ್ದು ಮಣ್ಣ ಮುಚ್ಚಿಬಿಡು. ಮಳಿಗಾಳಿಗಿ ತಾನs ಬೀಳ್ತದ. ಯಾರ ಏನ ಅಂತಾರ?”

“ಗ್ವಾಡಿ ಆಚೀಕಡಿ ಅಂಗನವಾಡಿ ಅದಲ್ರಿ ಶೇಟಜಿ,” ಎಂದು ನಾನೂ ಪಿಸುಗುಟ್ಟಿದೆ. ಈ ಕಡೆಯ ಬೇರು ಕೊಯ್ದರೆ ಮರ ಬೀಳುವುದು ಆ ಕಡೆಗೇ, ಅಂಗನವಾಡಿಯ ತಗಡಿನ ಮೇಲೆ.

“ಹುಡುಗ್ರು ಇಲ್ಲದಾಗ ಬೀಳ್ತದ ತಗೋ.”

ಹಾಗೆಂದು ಮರ ಅವರಿಗೆ ಬರೆದುಕೊಟ್ಟಿತ್ತೇ? ಆದರೆ ನಾನು ಅದನ್ನು ಕೇಳಲಿಲ್ಲ. ಆಮೇಲೆ ಯೋಚಿಸಿದೆ, ಹಗಲು ಹೊತ್ತಿನಲ್ಲಿ, ಹತ್ತಿರ ಯಾರೂ ಇಲ್ಲದಾಗ, ನಾವಿಬ್ಬರೂ ಪಿಸುಗುಟ್ಟಿದ್ದು ಯಾಕೆ? ರೋಗಿಯ ಮಂಚದ ಪಕ್ಕ ನಿಂತು ಅವನ ಆಸ್ತಿಯ ಮಾತಾಡುವವರ ಹಾಗಿದ್ದೆವು. ಎಂದಿನಂತೆ ಹಲ್ಲು ಕಿರಿದು, “ನಮ್ಮ ಪದ್ಧತಿ ಅದರಿ, ಕೊಡಲಿ ಇಟ್ಟು ನೋಡೂಣು” ಎಂದೆ. ಸಂಜೆ ಅರಿಶಿನ ಹಚ್ಚಿ, ಕೊಡಲಿ ಒರಗಿಸಿ, ಮಾತು ಹೇಳಿ ಬಂದೆ. ತಿರುಗಿ ನೋಡಲಿಲ್ಲ. ನೋಡಬೇಕೆಂದು ಕುತ್ತಿಗೆ ತುರಿಸಿದ್ದಂತೂ ನಿಜ.

ಮರುದಿನ ನಸುಕಿನಲ್ಲಿ ಸಾಯಬಣ್ಣ ಕಾಕಾನನ್ನು ಟೆಂಪೋದಲ್ಲಿ ಕೂಡಿಸಿಕೊಂಡು ಹೋದೆ. ಕಾಕಾ ಅಪ್ಪನ ಕಾಲದಿಂದ ನಮ್ಮಲ್ಲಿ ಮರ ಹತ್ತುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕೊಡಲಿ ಮಲಗಿಸಲು ಸರಸರ ಹೋದವನು ಗಕ್ಕನೆ ನಿಂತೆ. ಶೇಟರು ತಲೆಗೆ ಶಾಲು ಹೊದ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕೊಡಲಿಗೆ ಎದುರಾಗಿ ಕುಳಿತಿದ್ದರು.

“ನೀ ಇಟ್ಟ ಕೊಡಲಿ ಭಾಳ ಬೀಳ್ತಾವಂತ ಕೇಳೀನಿ. ಅದಕ್ಕs ಇದೊಂದ್ಸಲ ನಾನs ಕಾಯೂಣು ಅಂತ ಕುಂತೆ,” ಎಂದರು.

ಕೊಡಲಿ ನಿಂತಿತ್ತು.

ಮರಕ್ಕೆ ಕೈಮುಗಿಯುವ ನೆಪದಲ್ಲಿ ಹತ್ತಿರ ಹೋಗಿ, ಹಿಮ್ಮಡಿಯಿಂದ ಹಿಡಿಕೆಯನ್ನು ಸಣ್ಣಗೆ ತಳ್ಳಿದೆ. ಜಗ್ಗಲಿಲ್ಲ. ಎಡವಿದವನಂತೆ ನಟಿಸಿ ಭುಜದಿಂದ ಹಾಯ್ದೆ. ನನ್ನ ಭುಜ ನೊಂದಿತು. ಕೊಡಲಿ ಕೂದಲೆಳೆಯಷ್ಟೂ ಸರಿಯಲಿಲ್ಲ. ನೆಲಕ್ಕೆ ಹೂತಿರಲಿಲ್ಲ, ತೊಗಟೆಗೆ ಸಿಕ್ಕಿರಲಿಲ್ಲ. ಸುಮ್ಮನೆ ಒರಗಿಸಿಟ್ಟ ಕೊಡಲಿ. ಆ ಬದಿಯಿಂದ ಯಾರೋ ಅದನ್ನು ಬಿಗಿಯಾಗಿ ಹಿಡಿದುಕೊಂಡಂತಿತ್ತು.  ಗಿಳಿಗಳು ಚೀರಬೇಕಾದ ಹೊತ್ತು, ಒಂದು ಹಕ್ಕಿಯ ಸದ್ದಿಲ್ಲ. ಗೋಡೆಯಾಚೆ ಅಂಗನವಾಡಿ ನಡೆಸುವ ಬಾಯಿಯವರು ಅಂಗಳ ಗುಡಿಸುವ ಬರಿಗೆಯ ಸದ್ದು ಮಾತ್ರ ಬರಕ್, ಬರಕ್ ಎಂದು ಕೇಳುತ್ತಿತ್ತು. ‘ಬೀಳವ್ವಾ, ಬಿದ್ದುಬಿಡು’ ಎಂದು ಮನಸ್ಸಿನಲ್ಲೇ ಗೋಗರೆದೆ. ಕೊಡಲಿ ಬೀಳಲಿಲ್ಲ.

“ನಿಂತದ ಅಂದ್ರ ಗಿಡ ಒಪ್ಪಿದಂಗs ಆತಲ್ಲ? ಹಚ್ಚು ಕೆಲಸ,” ಎಂದರು ಶೇಟರು.

ಆಗ ನನ್ನ ಬಾಯಿಯಿಂದ ಒಂದು ಮಾತು ಹೊರಬಂತು. ನಾನು ಆಡಿದೆ ಎನ್ನುವುದಕ್ಕಿಂತ, ನಾನೂ ಕೇಳಿಸಿಕೊಂಡೆ ಎನ್ನಬೇಕು.

“ಗಿಡ ಒಪ್ಪೇದರಿ. ನಾ ಒಪ್ಪಂಗಿಲ್ಲ.”

ಶೇಟರು ಶಾಲು ಸರಿಸಿ ನೋಡಿದರು. “ಕಾಯ್? ಏನಂದಿ?”

“ಬೇರು ಕೊಯ್ಯಂಗಿಲ್ರಿ. ಗಿಡ ಚಲೋ ಅದ. ಬಿತ್ತಂದ್ರ ಹುಡುಗ್ರ ಮ್ಯಾಲ ಬೀಳ್ತದ. ನೀವು ಬ್ಯಾರೆಯವ್ರನ್ನ ಕರಿಸಿ ಮಾಡ್ಸಿದ್ರೂ ನಾ ನಗರಪಾಲಿಕಿಗಿ ಹೋಗಿ ಹೇಳ್ತೀನಿ, ಅಂಗನವಾಡಿ ಬಾಯಿಗೂ ಹೇಳ್ತೀನಿ.”   ಕೊನೆಗೂ ಮಾತು ಹೇಳಿ ಮುಗಿಸಿದೆ.

ಶೇಟರು ಶಾಲು ಕೊಡವಿ ಎದ್ದರು. “ಇಷ್ಟs ಹೇಳೂದಿತ್ತಂದ್ರ ನಿನ್ನೀನs ಹೇಳ್ಬೇಕಿಲ್ಲೋ? ನಾ ಯಾಕ ಸೊಳ್ಳಿ ಕಡಿಸ್ಕೊಂಡು ಕೂಡ್ತಿದ್ದೆ?” ಎಂದು ಬೈದು, ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಈಗ ಬೋರ್ಡು ಮಾಳಿಗೆಯ ಮೇಲೆ, ಕಬ್ಬಿಣದ ಚೌಕಟ್ಟಿನಲ್ಲಿ ನಿಂತಿದೆ; ಮೊದಲಿಗಿಂತ ದೂರಕ್ಕೆ ಕಾಣುತ್ತದೆ. ಆ ಬೆಳಿಗ್ಗೆ ಅವರು ಒಳಗೆ ಹೋದ ಮೇಲೆ ನಾನು ಹೆದರುತ್ತಲೇ ಹಿಡಿಕೆಗೆ ಕೈಹಾಕಿದೆ. ಕೊಡಲಿ ಹೂವೆತ್ತಿದಷ್ಟು ಹಗುರವಾಗಿ ಕೈಗೆ ಬಂತು.

ಟೆಂಪೋ ಊರು ದಾಟಿದ ಮೇಲೆ ಸಾಯಬಣ್ಣ ಕಾಕಾ ಬಾಯಿಬಿಟ್ಟ. “ನಿಮ್ಮಪ್ಪನ ಕೊಡಲೀನೂ ಎಂದೂ ಬಿದ್ದಿಲ್ಲೋ ಮಗನs. ಆತನೂ ನಸುಕಿನ್ಯಾಗ ಹೋಗಿ ಮಲಗಿಸಿ ಬರ್ತಿದ್ದ. ನಾ ನೋಡೀನಿ.”

ನನಗೆ ನಗು ತಡೆಯಲಾಗಲಿಲ್ಲ. ಇದು ವಂಶದ ಕಾಯಿಲೆ ಎಂದು ಗೊತ್ತಾಗಿ ಒಂದು ರೀತಿ ಸಮಾಧಾನವೂ ಆಯಿತು. ಹೋಟಗಿ ಹತ್ತಿರ ಬರುವಾಗ ಆ ನಗು ನಿಂತುಹೋಯಿತು. ಬಿದ್ದ ಕೊಡಲಿಗಳನ್ನೆಲ್ಲ ನಾವೇ ಕೆಡವಿದ್ದು. ಹಾಗಾದರೆ ನಿಂತ ಕೊಡಲಿಗಳು? ನಿಂತಿದೆ, ಒಪ್ಪಿದೆ ಎಂದು ನಾನು ಧೈರ್ಯವಾಗಿ ಕಡಿದ ಮರಗಳಿದ್ದವಲ್ಲ, ಅವುಗಳಲ್ಲಿ ಎಷ್ಟು ಆ ಬೇವಿನ ಹಾಗೆಯೇ ಕೊಡಲಿಯನ್ನು ಬಿಗಿಹಿಡಿದು, ಇವನು ಈಗಲಾದರೂ ಬಾಯಿಬಿಟ್ಟಾನು ಎಂದು ನನ್ನ ಮುಖ ನೋಡುತ್ತ ನಿಂತಿದ್ದವೋ!

ಈಗ ನಾನು ಕೊಡಲಿ ಒರಗಿಸುವುದಿಲ್ಲ. ಕೇಳಿದವರಿಗೆ, ಇದೆಲ್ಲ ಮೂಢನಂಬಿಕೆರಿ, ಕಾಲ ಬದಲಾಗಿದೆ ಎನ್ನುತ್ತೇನೆ. ಅವರು ಮೆಚ್ಚಿ ತಲೆದೂಗುತ್ತಾರೆ. ನಿಜವೇನೆಂದರೆ, ಒರಗಿಸಿದರೆ ಅದು ಬೀಳುವುದಿಲ್ಲವೆಂದು ನನಗೆ ಗೊತ್ತಾಗಿದೆ, ಅದಕ್ಕೇ ಹೆದರಿಕೆ.